ಹಳೆಯ ಲಿನಕ್ಸಿನಲ್ಲಿ ಹೊಸ ಕಂಪೈಲರ್

ಲಿನಕ್ಸ್ ಹುಟ್ಟಿದ್ದೇ ಹೊರಗಿನಿಂದ ತಂದು ಕೂರಿಸಿಕೊಂಡ ಕಂಪೈಲರಿನ ಬಲದಿಂದ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಮ್ಮ 386 ಯಂತ್ರದಲ್ಲಿ ಮಿನಿಕ್ಸ್ ಬಳಸುತ್ತಿದ್ದರು. ಆಂಡ್ರೂ ಟನೆನ್‌ಬಾಮ್ ಪಾಠಕ್ಕೆಂದು ಬರೆದಿದ್ದ ಆ ವ್ಯವಸ್ಥೆಯ ಜೊತೆಗೆ ಅದರದೇ ಸಿ ಕಂಪೈಲರ್ ಬರುತ್ತಿತ್ತು. ಆದರೆ ಮಿನಿಕ್ಸ್ ಆಗಿನ್ನೂ 16 ಬಿಟ್ಟಿನ ಲೋಕದಲ್ಲೇ ಇತ್ತು. 386ರ 32 ಬಿಟ್ ಸಾಮರ್ಥ್ಯ ಬೇಕೆಂದವರು ಬ್ರೂಸ್ ಇವಾನ್ಸ್ ಸಿದ್ಧಪಡಿಸಿದ್ದ ಪ್ಯಾಚ್‌ಗಳನ್ನು ಹಾಕಿಕೊಂಡು, ಅದರ ಮೇಲೆ ಜಿಸಿಸಿ ಎಂಬ ಬೇರೊಂದು ಕಂಪೈಲರನ್ನು ಇಳಿಸಿಕೊಳ್ಳಬೇಕಿತ್ತು. ಆಗಸ್ಟ್ 25ರಂದು ಟೊರ್ವಾಲ್ಡ್ಸ್ ತಮ್ಮ ಹೊಸ ವ್ಯವಸ್ಥೆಯ ಸುದ್ದಿಯನ್ನು ಮಿನಿಕ್ಸ್ ಬಳಗಕ್ಕೆ ತಿಳಿಸಿದಾಗ, ಅದರ ಮೇಲೆ ಓಡಲು ಸಿದ್ಧವಾಗಿದೆ ಎಂದು ಹೆಸರಿಸಿದ್ದು ಎರಡೇ ಪ್ರೋಗ್ರಾಮ್‌ಗಳನ್ನು: ಬ್ಯಾಶ್ 1.08 ಮತ್ತು ಜಿಸಿಸಿ 1.40. ಆವೃತ್ತಿಯ ಸಂಖ್ಯೆಯನ್ನೂ ಹೇಳಿದ್ದು ಗಮನಾರ್ಹ. ಕರ್ನಲ್ ಯಾವ ಕಂಪೈಲರಿನಿಂದ ಸಿದ್ಧವಾಯಿತು ಎಂಬುದು ಮೊದಲ ದಿನದಿಂದಲೂ ಮುಖ್ಯವಾಗಿಯೇ ಇತ್ತು.

ಜಿಸಿಸಿಯ ಹಿಂದೆಯೂ ಇಂಥದ್ದೇ ಒಂದು ಹುಡುಕಾಟವಿತ್ತು. 1984ರ ಜನವರಿಯಲ್ಲಿ ಗ್ನು ಯೋಜನೆಯ ಕೆಲಸಕ್ಕೆ ಕೈಹಾಕಿದ ರಿಚರ್ಡ್ ಸ್ಟಾಲ್‌ಮನ್ ಮೊದಲು ನೋಡಿದ್ದು ಸಿದ್ಧವಾಗಿರುವ ಕಂಪೈಲರ್ ಎಲ್ಲಾದರೂ ಸಿಗುತ್ತದೆಯೇ ಎಂದು. ಆ್ಯಮ್‌ಸ್ಟರ್‌ಡ್ಯಾಮ್‌ನ ಫ್ರೀ ಯೂನಿವರ್ಸಿಟಿಯ ಕಂಪೈಲರ್ ಕಿಟ್ ಬಗ್ಗೆ ವಿಚಾರಿಸಿದಾಗ, ಫ್ರೀ ಆಗಿರುವುದು ವಿಶ್ವವಿದ್ಯಾಲಯವೇ ಹೊರತು ಕಂಪೈಲರ್ ಅಲ್ಲ ಎಂಬ ಕುಹಕದ ಉತ್ತರ ಬಂತು. ಬಳಿಕ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಪ್ಯಾಸ್ಟೆಲ್ ಕಂಪೈಲರನ್ನು ಎತ್ತಿಕೊಂಡು, ಅದಕ್ಕೆ ಸಿ ಭಾಷೆಯನ್ನು ಓದುವ ಭಾಗವನ್ನು ಜೋಡಿಸಿದರು. ಅದಕ್ಕೆ ಹಲವು ಮೆಗಾಬೈಟ್ ಸ್ಟ್ಯಾಕ್ ಬೇಕಿತ್ತು. ಕೈಯಲ್ಲಿದ್ದ 68000 ಯುನಿಕ್ಸ್ ಯಂತ್ರ ಕೊಡುತ್ತಿದ್ದದ್ದು 64 ಕಿಲೋಬೈಟ್ ಮಾತ್ರ. ಕೊನೆಗೆ ಎಲ್ಲವನ್ನೂ ಹೊಸದಾಗಿ ಬರೆದರು. 1987ರಲ್ಲಿ ಜಿಸಿಸಿ ಹೊರಬಂತು. ಅದೇ ವರ್ಷದ ಕೊನೆಗೆ ಮೈಕೆಲ್ ಟೀಮನ್ ಅದಕ್ಕೆ ಸಿ++ ಸೇರಿಸಿದರು. ಮುಂದೆ ಲಿನಕ್ಸಿನಲ್ಲಿ ಕಂಪೈಲರ್ ಬದಲಾಯಿಸುವವರ ತಲೆನೋವಿಗೆಲ್ಲ ಸಿ ಭಾಷೆಗಿಂತ ಈ ಸಿ++ ಹೆಚ್ಚು ಕಾರಣವಾಯಿತು.

ಹೊಸ ಆವೃತ್ತಿಯನ್ನು ಹಳೆಯದರ ಪಕ್ಕದಲ್ಲಿ ಇಟ್ಟುಕೊಳ್ಳುವುದು ಕಷ್ಟವಾಗಬಾರದೆಂಬ ಯೋಚನೆ ಜಿಸಿಸಿಯ ರಚನೆಯಲ್ಲೇ ಇದೆ. ಬಳಕೆದಾರ ಕರೆಯುವ ಜಿಸಿಸಿ ಎಂಬ ಕಮಾಂಡ್ ನಿಜವಾದ ಕಂಪೈಲರ್ ಅಲ್ಲ, ಅದೊಂದು ಮೇಸ್ತ್ರಿ. ಭಾಷಾಂತರಿಸುವ ಭಾಗ, ಅಸೆಂಬ್ಲರ್, ಲಿಂಕರ್ ಇವನ್ನು ಒಂದಾದಮೇಲೊಂದು ಕರೆದು ಕೆಲಸ ಮಾಡಿಸುವುದಷ್ಟೇ ಅದರ ಪಾಲು. ಭಾಷಾಂತರದ ಭಾಗ ಮತ್ತು ಅದಕ್ಕೆ ಬೇಕಾದ ಫೈಲುಗಳು ಬೇರೊಂದು ಡೈರೆಕ್ಟರಿಯಲ್ಲಿರುತ್ತವೆ. ಅಲ್ಲಿ ಗುರಿ ಯಂತ್ರದ ಹೆಸರಿನ ಒಳಗೆ ಆವೃತ್ತಿ ಸಂಖ್ಯೆಗೊಂದು ಡೈರೆಕ್ಟರಿ. ಆದ್ದರಿಂದ ಹತ್ತು ಆವೃತ್ತಿಗಳು ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರಬಹುದು. ಕಮಾಂಡಿಗೆ ದೊಡ್ಡಕ್ಷರದ ‘ವಿ’ ಆಯ್ಕೆಯೊಂದಿಗೆ ಸಂಖ್ಯೆ ಕೊಟ್ಟರೆ ಮೇಸ್ತ್ರಿ ಆ ಸಂಖ್ಯೆಯ ಡೈರೆಕ್ಟರಿಗೆ ಹೋಗುತ್ತಿದ್ದ. ಕೇಳಲು ಸೊಗಸಾದ ಈ ಸೌಲಭ್ಯ ನಂಬಿಕೆಗೆ ಅರ್ಹವಲ್ಲವೆಂದು ತೀರ್ಮಾನಿಸಿ 2011ರ 4.6ನೇ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಲಾಯಿತು. ಒಂದು ಆವೃತ್ತಿಯ ಮೇಸ್ತ್ರಿ ಇನ್ನೊಂದು ಆವೃತ್ತಿಯ ಕೆಲಸಗಾರರನ್ನು ನಡೆಸುವುದು ಸರಿಹೋಗಲಿಲ್ಲ. ಬೇಕಾದ ಆವೃತ್ತಿಯನ್ನು ಅದರ ಪೂರ್ಣ ಹೆಸರಿನಿಂದಲೇ, ಸಂಖ್ಯೆ ಸಮೇತ, ಕರೆಯಿರಿ ಎಂಬುದು ಅಂದಿನಿಂದ ಅಧಿಕೃತ ಸಲಹೆ.

ಹಾಗಾದರೆ ತೊಡಕು ಎಲ್ಲಿ? ಎರಡು ಕಡೆ. ಎಷ್ಟು ಕಂಪೈಲರುಗಳಿದ್ದರೂ ‘ಜಿಸಿಸಿ’ ಎಂಬ ಬರಿಯ ಹೆಸರು ಒಂದೇ, ಅದನ್ನು ಕರೆದಾಗ ಯಾರು ಓಗೊಡಬೇಕು ಎಂಬುದು ಮೊದಲನೆಯದು. ಕಂಪೈಲರ್ ತಾನು ಸಿದ್ಧಪಡಿಸಿದ ಪ್ರೋಗ್ರಾಮಿನ ಜೊತೆಗೆ ತನ್ನ ಲೈಬ್ರರಿಯ ಹಂಗನ್ನೂ ಕಳಿಸಿಕೊಡುತ್ತದೆ ಎಂಬುದು ಎರಡನೆಯದು. ಲಿನಕ್ಸ್‌ನಲ್ಲಿ ಕಂಪೈಲರ್ ಬದಲಾವಣೆಯ ಇತಿಹಾಸ ಬಹುಮಟ್ಟಿಗೆ ಈ ಎರಡು ತೊಡಕುಗಳದ್ದು. ಇನ್‌ಸ್ಟಾಲ್ ಮಾಡುವ ಕೆಲಸ ಬೇಸರದ್ದಾಗಿತ್ತೇ ಹೊರತು ಕಠಿಣವಾಗಿರಲಿಲ್ಲ.

ಬೇಸರದ್ದು ಎನ್ನಲು ಕಾರಣವಿದೆ. ತೊಂಬತ್ತರ ದಶಕದಲ್ಲಿ ಹೊಸ ಜಿಸಿಸಿ ಬೇಕೆಂದರೆ ಸಾಮಾನ್ಯವಾಗಿ ಅದರ ಸೋರ್ಸ್ ಕೋಡ್ ತಂದು ಇರುವ ಹಳೆಯ ಜಿಸಿಸಿಯಿಂದಲೇ ಕಂಪೈಲ್ ಮಾಡಬೇಕಿತ್ತು. ಈ ಕ್ರಮಕ್ಕೆ ಬೂಟ್‌ಸ್ಟ್ರಾಪ್ ಎಂದು ಹೆಸರು. ಹಳೆಯ ಕಂಪೈಲರ್ ಹೊಸದನ್ನು ಕಟ್ಟುತ್ತದೆ. ಹಾಗೆ ಹುಟ್ಟಿದ್ದು ಅದೇ ಸೋರ್ಸಿನಿಂದ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಆ ಎರಡನೆಯದು ಮೂರನೆಯದನ್ನು ಕಟ್ಟುತ್ತದೆ. ಎರಡನೆಯ ಮತ್ತು ಮೂರನೆಯ ಹಂತಗಳ ಫಲ ತದ್ರೂಪವಾಗಿರಬೇಕು. ವ್ಯತ್ಯಾಸ ಕಂಡರೆ ಎಲ್ಲೋ ದೋಷವಿದೆ ಎಂದರ್ಥ. ಆ ಕಾಲದ 486 ಯಂತ್ರದಲ್ಲಿ ಇದು ಗಂಟೆಗಟ್ಟಲೆ ನಡೆಯುತ್ತಿತ್ತು. ಮುಂದೆ ಯಂತ್ರಗಳು ವೇಗ ಪಡೆದರೂ ಕಂಪೈಲರ್ ಸಹ ಬೆಳೆಯಿತು. ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಗಣಿತದ ಲೈಬ್ರರಿಗಳಿಲ್ಲದೆ ಅದನ್ನು ಕಟ್ಟುವುದೇ ಸಾಧ್ಯವಿಲ್ಲದಂತಾಯಿತು. 2013ರ 4.8ರಿಂದ ಜಿಸಿಸಿಯನ್ನು ಕಟ್ಟಲು ಸಿ ಕಂಪೈಲರ್ ಸಾಲದು, ಸಿ++ ಕಂಪೈಲರೇ ಬೇಕು.

ಕಟ್ಟಿದ್ದನ್ನು ಇಡುತ್ತಿದ್ದ ಜಾಗ ಬಹುತೇಕ /ಯುಎಸ್‌ಆರ್/ಲೋಕಲ್. ವ್ಯವಸ್ಥೆಯ ಸ್ವಂತ ಕಂಪೈಲರ್ /ಯುಎಸ್‌ಆರ್/ಬಿನ್‌ನಲ್ಲಿ ಹಾಗೆಯೇ ಉಳಿಯುತ್ತಿತ್ತು. ಕಮಾಂಡುಗಳನ್ನು ಹುಡುಕುವ ದಾರಿಯಾದ ‘ಪಾತ್’ ಪಟ್ಟಿಯಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕೆ ಹೆಸರು ದಕ್ಕುತ್ತಿತ್ತು. ಎಲ್ಲವನ್ನೂ ಸರಿಯಾಗಿ ಮಾಡಿ ಆವೃತ್ತಿ ಕೇಳಿದರೆ ಹಳೆಯ ಸಂಖ್ಯೆಯೇ ಬಂದು ತಬ್ಬಿಬ್ಬಾದವರು ಬಹಳ. ಬ್ಯಾಶ್ ಶೆಲ್ ಒಮ್ಮೆ ಕಂಡುಕೊಂಡ ಕಮಾಂಡಿನ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ‘ಹ್ಯಾಶ್’ ಕಮಾಂಡಿನಿಂದ ಅದನ್ನು ಮರೆಸಬೇಕು, ಇಲ್ಲವೇ ಹೊಸ ಶೆಲ್ ತೆರೆಯಬೇಕು. ಇಂದಿಗೂ ಇದು ಹಾಗೆಯೇ ಇದೆ.

1995ರ ಸುಮಾರಿಗೆ ಲಿನಕ್ಸ್ ತನ್ನ ಹಳೆಯ ಎ.ಔಟ್ ಮಾದರಿಯ ಫೈಲುಗಳನ್ನು ಬಿಟ್ಟು ಎಲ್ಫ್ ಮಾದರಿಗೆ ಬಂದಾಗ ಕಂಪೈಲರ್, ಲಿಂಕರ್, ಸಿ ಲೈಬ್ರರಿ ಮೂರನ್ನೂ ಒಟ್ಟಿಗೆ ಬದಲಾಯಿಸಬೇಕಾಯಿತು. ಕೈಯಾರೆ ಬದಲಾಯಿಸಲು ಹೊರಟವರಿಗೆ ಅದು ದೊಡ್ಡ ಸಾಹಸ. ಸ್ಲ್ಯಾಕ್‌ವೇರ್ 3.0ರಂಥ ಹೊಸ ವಿತರಣೆಗಳು ಎಲ್ಲವನ್ನೂ ಜೋಡಿಸಿಯೇ ಕೊಟ್ಟದ್ದರಿಂದ ಆ ಕಷ್ಟ ಬೇಗ ಮರೆತುಹೋಯಿತು.

ಮರೆಯದೆ ಉಳಿದದ್ದು ಮುಂದಿನದು. 1995ರ ನವೆಂಬರಿನಲ್ಲಿ ಜಿಸಿಸಿ 2.7.2 ಬಂತು. ಅದರ ನಂತರ 2.8 ಬರಲು 1998ರ ಜನವರಿಯವರೆಗೆ ಕಾಯಬೇಕಾಯಿತು. ಪೆಂಟಿಯಂ ಬಂದು, ಸಿ++ ಭಾಷೆ ದಿನದಿನಕ್ಕೆ ಬದಲಾಗುತ್ತಿದ್ದ ಕಾಲದಲ್ಲಿ ಎರಡು ವರ್ಷ ದೀರ್ಘ ಅವಧಿ. ತಾಳ್ಮೆ ಕೆಟ್ಟ ಒಂದು ಗುಂಪು 1997ರ ಆಗಸ್ಟಿನಲ್ಲಿ ಇಜಿಸಿಎಸ್ ಎಂಬ ಕವಲನ್ನು ಘೋಷಿಸಿ, ಡಿಸೆಂಬರ್ ಹೊತ್ತಿಗೆ ಮೊದಲ ಆವೃತ್ತಿಯನ್ನೇ ಹೊರತಂದಿತು. ಅದರಲ್ಲಿ ಸಿ++ ಚೆನ್ನಾಗಿತ್ತು, ಫೋರ್ಟ್ರಾನ್ ಸೇರಿತ್ತು. ಆದರೆ ಆಗಿನ ಲಿನಕ್ಸ್ ಕರ್ನಲ್‌ಗೆ ಹಳೆಯ 2.7.2ರ ನಡವಳಿಕೆಯೇ ರೂಢಿಯಾಗಿತ್ತು. ಹೊಸ ಕಂಪೈಲರಿನಿಂದ ಕಟ್ಟಿದರೆ ಅಲ್ಲಲ್ಲಿ ಅದರ ಅಸೆಂಬ್ಲಿ ತುಣುಕುಗಳು ತಪ್ಪಾಗಿ ಅರ್ಥವಾಗುತ್ತಿದ್ದವು. ಪರಿಣಾಮವಾಗಿ ಒಂದೇ ಯಂತ್ರದಲ್ಲಿ ಎರಡು ಕಂಪೈಲರ್ ಇಟ್ಟುಕೊಳ್ಳುವುದು ವಿಶೇಷವೆನಿಸದೆ ರೂಢಿಗೆ ಬಂತು. ಡೆಬಿಯನ್‌ನಲ್ಲಿ ಕರ್ನಲ್ ಕಟ್ಟುವವರಿಗೆಂದೇ ‘ಜಿಸಿಸಿ272’ ಎಂಬ ಪ್ಯಾಕೇಜ್ ಇತ್ತು. 1999ರ ಏಪ್ರಿಲಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕವಲನ್ನೇ ಅಧಿಕೃತ ಜಿಸಿಸಿ ಎಂದು ಒಪ್ಪಿಕೊಂಡಿತು. ಜುಲೈಯಲ್ಲಿ 2.95 ಹೊರಬಂದು ಎರಡೂ ಕೂಡಿದವು. ಕವಲು ಗೆದ್ದು ಮೂಲದ ಹೆಸರನ್ನೇ ಪಡೆದ ಉದಾಹರಣೆಗಳು ಮುಕ್ತ ತಂತ್ರಾಂಶದಲ್ಲಿ ಹೆಚ್ಚಿಲ್ಲ.

ಆ ನೆಮ್ಮದಿ ಒಂದೇ ವರ್ಷದ್ದು. 2000ದ ಸೆಪ್ಟೆಂಬರಿನಲ್ಲಿ ರೆಡ್ ಹ್ಯಾಟ್ ಲಿನಕ್ಸ್ 7.0 ಬಿಡುಗಡೆಯಾದಾಗ ಅದರಲ್ಲಿದ್ದ ಕಂಪೈಲರ್ ತನ್ನನ್ನು 2.96 ಎಂದು ಹೇಳಿಕೊಳ್ಳುತ್ತಿತ್ತು. ಅಂಥ ಆವೃತ್ತಿಯೇ ಇರಲಿಲ್ಲ. ಮುಂದೆ 3.0 ಆಗಬೇಕಿದ್ದ, ಇನ್ನೂ ಬೆಳವಣಿಗೆಯಲ್ಲಿದ್ದ ಕೋಡಿನ ಒಂದು ದಿನದ ಪ್ರತಿಯನ್ನು ಎತ್ತಿಕೊಂಡು ರೆಡ್ ಹ್ಯಾಟ್ ತನ್ನ ತಿದ್ದುಪಡಿಗಳೊಂದಿಗೆ ಕೊಟ್ಟಿತ್ತು. ಅಕ್ಟೋಬರ್ 6ರಂದು ಜಿಸಿಸಿಯ ಸ್ಟೀರಿಂಗ್ ಸಮಿತಿ ಬಹಿರಂಗವಾಗಿ ಹೇಳಿಕೆ ಕೊಟ್ಟಿತು: 2.96 ಅಧಿಕೃತ ಬಿಡುಗಡೆಯಲ್ಲ, ಆಗುವುದೂ ಇಲ್ಲ. ಅದರಿಂದ ಕಟ್ಟಿದ ಸಿ++ ಪ್ರೋಗ್ರಾಮುಗಳು ಹಿಂದಿನ 2.95ರೊಂದಿಗೂ ಮುಂದಿನ 3.0ರೊಂದಿಗೂ ಹೊಂದುವುದಿಲ್ಲ. ಗೊಂದಲ ತಪ್ಪಿಸಲು ಬೆಳವಣಿಗೆಯ ಕೋಡಿನ ಸಂಖ್ಯೆಯನ್ನು 2.97ಕ್ಕೆ ಏರಿಸಲಾಯಿತು. ಎಂಪ್ಲೇಯರ್ ಎಂಬ ವಿಡಿಯೊ ಪ್ರೋಗ್ರಾಮಿನ ಕರ್ತೃಗಳು ಇನ್ನೂ ಮುಂದೆ ಹೋಗಿ, 2.96 ಕಂಡರೆ ಕಟ್ಟುವ ಕೆಲಸವೇ ನಿಲ್ಲುವಂತೆ ಮಾಡಿದರು.

ರೆಡ್ ಹ್ಯಾಟಿನ ಪರವಾಗಿಯೂ ಮಾತಿದೆ. 2.95 ಹಲವು ಯಂತ್ರಗಳಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ, ಅದರ ಸಿ++ ಹಳತಾಗಿತ್ತು, 3.0 ಯಾವಾಗ ಬರುತ್ತದೋ ಗೊತ್ತಿರಲಿಲ್ಲ. ದೋಷಗಳನ್ನು ತಿದ್ದಿದ ಮೇಲೆ 2.96 ಕೆಟ್ಟ ಕಂಪೈಲರೇನೂ ಆಗಿರಲಿಲ್ಲ. ಮ್ಯಾಂಡ್ರೇಕ್ ವಿತರಣೆ ಸಹ ಅದನ್ನೇ ಬಳಸಿತು. ಆದರೆ ವಿತರಣೆಯೇ ತನ್ನ ಕಂಪೈಲರನ್ನು ಪೂರ್ತಿ ನಂಬಿರಲಿಲ್ಲ ಎಂಬುದಕ್ಕೆ ಒಂದು ಸಾಕ್ಷಿ ಅದರೊಳಗೇ ಇತ್ತು. 7.0ರಲ್ಲಿ ‘ಕೆಜಿಸಿಸಿ’ ಎಂಬ ಇನ್ನೊಂದು ಕಮಾಂಡ್ ಬರುತ್ತಿತ್ತು. ಅದು ಹಳೆಯ ಇಜಿಸಿಎಸ್ 1.1.2, ಕರ್ನಲ್ ಕಟ್ಟಲೆಂದೇ ಇಟ್ಟದ್ದು. ಎರಡೂ ಅಕ್ಕಪಕ್ಕದಲ್ಲಿದ್ದವು, ಕರ್ನಲ್ ಕಟ್ಟುವಾಗ ಮೇಕ್ ಕಮಾಂಡಿಗೆ ಬೇಕಾದ ಹೆಸರನ್ನು ಹೇಳಿಕೊಟ್ಟರೆ ಸಾಕಿತ್ತು. ಅಪಖ್ಯಾತಿಯ ಆ ಬಿಡುಗಡೆಯೇ ಕಂಪೈಲರ್ ಬದಲಾಯಿಸುವ ಅತ್ಯಂತ ಸರಳ ಪಾಠವನ್ನೂ ಕಲಿಸಿತು ಎನ್ನಬೇಕು.

3.0 ಬಂದದ್ದು 2001ರ ಜೂನ್ 18ರಂದು. ಅದರೊಂದಿಗೆ ಸಿ++ನ ಎಬಿಐ, ಅಂದರೆ ಬೇರೆಬೇರೆಯಾಗಿ ಕಂಪೈಲ್ ಆದ ತುಣುಕುಗಳು ಪರಸ್ಪರ ಮಾತಾಡುವ ಒಪ್ಪಂದ, ಬದಲಾಯಿತು. ಇಟೇನಿಯಂ ಪ್ರೊಸೆಸರಿಗಾಗಿ ಹಲವು ಕಂಪನಿಗಳು ಕೂಡಿ ರಚಿಸಿದ್ದ ಒಪ್ಪಂದವನ್ನು ಜಿಸಿಸಿ ಎಲ್ಲ ಯಂತ್ರಗಳಿಗೂ ತಂದುಕೊಂಡಿತು. ಫಂಕ್ಷನ್ನುಗಳ ಹೆಸರನ್ನು ಹೇಗೆ ಹೊಸೆಯಬೇಕು, ವಸ್ತುಗಳನ್ನು ಮೆಮೊರಿಯಲ್ಲಿ ಹೇಗೆ ಜೋಡಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ಅನುಷ್ಠಾನದಲ್ಲಿ ಉಳಿದ ತಪ್ಪುಗಳನ್ನು ತಿದ್ದಲು 2002ರ ಆಗಸ್ಟಿನಲ್ಲಿ 3.2 ಬಂತು, ಇನ್ನಷ್ಟು ತಿದ್ದಲು 2004ರಲ್ಲಿ 3.4. ಪ್ರತಿ ಸಲವೂ ಹಳೆಯ ಕಂಪೈಲರಿನಿಂದ ಕಟ್ಟಿದ ಸಿ++ ಲೈಬ್ರರಿಗೂ ಹೊಸದರಿಂದ ಕಟ್ಟಿದ ಪ್ರೋಗ್ರಾಮಿಗೂ ನಂಟು ಮುರಿಯುತ್ತಿತ್ತು. ಕಂಪೈಲರ್ ಎಂದರೇನೆಂದೇ ಗೊತ್ತಿಲ್ಲದ ಸಾಮಾನ್ಯ ಬಳಕೆದಾರನಿಗೂ ಅದರ ಬಿಸಿ ತಟ್ಟಿತು. ಸನ್ ಕಂಪನಿಯ ಜಾವಾದೊಂದಿಗೆ ಬರುತ್ತಿದ್ದ ಬ್ರೌಸರ್ ಪ್ಲಗಿನ್ ಎರಡು ಡೈರೆಕ್ಟರಿಗಳಲ್ಲಿ ಇರುತ್ತಿತ್ತು. ಒಂದರ ಹೆಸರು ಎನ್‌ಎಸ್610. ಇನ್ನೊಂದರದು ಅದೇ ಹೆಸರಿಗೆ ‘ಜಿಸಿಸಿ32’ ಎಂಬ ಬಾಲ. ಮೊಜಿಲ್ಲಾ ಬ್ರೌಸರನ್ನು ಯಾವ ಕಂಪೈಲರಿನಿಂದ ಕಟ್ಟಿದ್ದರೋ ತಿಳಿದು ಅದಕ್ಕೆ ತಕ್ಕ ಫೈಲಿಗೆ ಕೊಂಡಿ ಹಾಕಬೇಕು. ತಪ್ಪಿದರೆ ಜಾವಾ ಓಡುತ್ತಿರಲಿಲ್ಲ.

ಡೆಬಿಯನ್ ಈ ಬದಲಾವಣೆಗಳನ್ನು ಕ್ರಮಬದ್ಧವಾಗಿ ನಿಭಾಯಿಸಿತು. ಸಿ++ ಲೈಬ್ರರಿಯ ಪ್ರತಿಯೊಂದು ಪ್ಯಾಕೇಜಿನ ಹೆಸರಿಗೂ ಒಂದು ಗುರುತು ಅಂಟಿಸಲಾಯಿತು: 3.2ಕ್ಕೆ ಬಂದಾಗ ‘ಸಿ102’, 4.0ಕ್ಕೆ ಬಂದಾಗ ‘ಸಿ2’, ಹತ್ತು ವರ್ಷದ ಬಳಿಕ 5ಕ್ಕೆ ಬಂದಾಗ ‘ವಿ5’. ಕ್ಯೂಟಿ ಲೈಬ್ರರಿಯ ಪ್ಯಾಕೇಜ್ ಕೆಲವು ಕಾಲ ‘ಲಿಬ್‌ಕ್ಯೂಟಿ3ಸಿ102-ಎಂಟಿ’ ಎಂಬ ಹೆಸರು ಹೊತ್ತಿತ್ತು. ನೋಡಲು ಚೆಂದವಿಲ್ಲ. ಆದರೆ ಹೊಂದದ ಎರಡು ಲೈಬ್ರರಿಗಳು ತಿಳಿಯದೆ ಬೆರೆಯುವುದನ್ನು ಅದು ತಡೆಯಿತು.

3.4ರೊಂದಿಗೆ ಸಿ++ನ ಮೂಲ ಲೈಬ್ರರಿಯಾದ ಲಿಬ್‌ಎಸ್‌ಟಿಡಿಸಿ++ ತನ್ನ ಆರನೇ ಸಂಖ್ಯೆಗೆ ಬಂದು ಅಲ್ಲೇ ನಿಂತಿತು. ಎರಡು ದಶಕ ಕಳೆದರೂ ಅದು ಇಂದಿಗೂ ಆರೇ. ಹೊಸ ಸಂಗತಿಗಳು ಸೇರಿದಂತೆಲ್ಲ ಲೈಬ್ರರಿಯೊಳಗಿನ ಚಿಹ್ನೆಗಳಿಗೆ 3.4.20, 3.4.21 ಎಂಬಂತೆ ಉಪಸಂಖ್ಯೆ ಏರುತ್ತ ಹೋಗುತ್ತದೆ, ಹಳೆಯದು ಯಾವುದನ್ನೂ ತೆಗೆಯುವುದಿಲ್ಲ. ಹೀಗಾಗಿ ಹಳೆಯ ಕಂಪೈಲರಿನಿಂದ ಕಟ್ಟಿದ್ದು ಹೊಸ ವ್ಯವಸ್ಥೆಯಲ್ಲಿ ಓಡುತ್ತದೆ. ಹೊಸದರಿಂದ ಕಟ್ಟಿದ್ದು ಹಳೆಯ ವ್ಯವಸ್ಥೆಯಲ್ಲಿ ಓಡುವ ಖಾತರಿ ಇಲ್ಲ. ‘ಜಿಎಲ್‌ಐಬಿಸಿಎಕ್ಸ್‌ಎಕ್ಸ್_3.4.21 ಸಿಗಲಿಲ್ಲ’ ಎಂಬ ದೂರು ಕಂಡರೆ, ಪ್ರೋಗ್ರಾಮ್ ಜಿಸಿಸಿ 5ರಿಂದ ಅಥವಾ ಅದಕ್ಕಿಂತ ಹೊಸದರಿಂದ ಹುಟ್ಟಿದೆ, ಓಡಿಸುತ್ತಿರುವ ಯಂತ್ರದ ಲೈಬ್ರರಿ ಅದಕ್ಕಿಂತ ಹಳೆಯದು ಎಂದು ತಿಳಿಯಬೇಕು.

ಭಾಷೆಯ ಶಿಸ್ತು ಬಿಗಿಯಾಗುತ್ತ ಬಂದದ್ದು ಬದಲಾವಣೆಯ ಇನ್ನೊಂದು ಮುಖ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಟರ್ಬೊ ಸಿ++ ಬಹುಕಾಲ ಆಳಿದ್ದರಿಂದ, ಅಲ್ಲಿಂದ ಲಿನಕ್ಸಿಗೆ ಬಂದ ವಿದ್ಯಾರ್ಥಿಗಳು ‘ಐಒಸ್ಟ್ರೀಮ್.ಎಚ್’ ಎಂಬ ಹಳೆಯ ಹೆಡರ್ ಬರೆಯುವುದನ್ನೇ ಕಲಿತಿದ್ದರು. ಜಿಸಿಸಿ 3ರ ಕಾಲದಲ್ಲಿ ಅದಕ್ಕೆ ಎಚ್ಚರಿಕೆಯಷ್ಟೇ ಬರುತ್ತಿತ್ತು. 2008ರ 4.3ರಲ್ಲಿ ಆ ಹೆಡರನ್ನೇ ತೆಗೆದುಹಾಕಿದರು. ನಿನ್ನೆಯವರೆಗೆ ಕಂಪೈಲ್ ಆಗುತ್ತಿದ್ದ ಪ್ರೋಗ್ರಾಮ್ ಮೊದಲ ಸಾಲಿನಲ್ಲೇ ಮುಗ್ಗರಿಸಿತು. 2020ರ ಜಿಸಿಸಿ 10ರಲ್ಲಿ ಒಂದೇ ಗ್ಲೋಬಲ್ ಚರವನ್ನು ಹಲವು ಫೈಲುಗಳಲ್ಲಿ ಘೋಷಿಸುವ ಹಳೆಯ ಸಡಿಲಿಕೆ ಹೋಯಿತು. 2024ರ ಜಿಸಿಸಿ 14ರಲ್ಲಿ, ಘೋಷಿಸದ ಫಂಕ್ಷನ್ ಕರೆಯುವುದು ಎಚ್ಚರಿಕೆಯಿಂದ ದೋಷದ ಪಟ್ಟಿಗೆ ಏರಿತು. ಸಿ ಭಾಷೆಯ 1999ರ ಪ್ರಮಾಣವೇ ಅದನ್ನು ತಳ್ಳಿಹಾಕಿತ್ತು; ಕಂಪೈಲರ್ ಕಾಲು ಶತಮಾನ ದಯೆ ತೋರಿಸಿತ್ತು ಅಷ್ಟೆ.

ಹೆಸರಿನ ತೊಡಕಿಗೆ ಡೆಬಿಯನ್‌ನಲ್ಲಿ ಸಿದ್ಧ ಉತ್ತರವೊಂದಿತ್ತು: ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’. 1995ರಲ್ಲಿ ಇಯನ್ ಜಾಕ್ಸನ್ ಪರ್ಲ್ ಭಾಷೆಯಲ್ಲಿ ಬರೆದದ್ದು; ಸುಮಾರು ಹದಿನೈದು ವರ್ಷಗಳ ಬಳಿಕ ಅದನ್ನು ಸಿ ಭಾಷೆಗೆ ತಂದರು. ಒಂದೇ ಕೆಲಸ ಮಾಡುವ ಹಲವು ಪ್ರೋಗ್ರಾಮುಗಳಿದ್ದಾಗ ಸಾಮಾನ್ಯ ಹೆಸರನ್ನು ಒಂದು ಕೊಂಡಿಯಾಗಿಸಿ, ಆ ಕೊಂಡಿಯನ್ನು /ಇಟಿಸಿ/ಆಲ್ಟರ್ನೇಟಿವ್ಸ್ ಡೈರೆಕ್ಟರಿಯೊಳಗಿನ ಇನ್ನೊಂದು ಕೊಂಡಿಗೆ ಕಟ್ಟಿ, ಅದನ್ನು ಬೇಕಾದ ಕಡೆಗೆ ತಿರುಗಿಸುವುದು ಅದರ ಉಪಾಯ. ಪ್ರತಿ ಆಯ್ಕೆಗೂ ಆದ್ಯತೆಯ ಅಂಕವಿರುತ್ತದೆ. ಬಳಕೆದಾರ ಕೈಹಾಕದಿದ್ದರೆ ಹೆಚ್ಚು ಅಂಕದ್ದು ತಾನಾಗಿ ಗೆಲ್ಲುತ್ತದೆ. ಕೈಯಾರೆ ಆರಿಸಿದರೆ ಆ ಆಯ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಕೊಂಡಿ ತಿರುಗಿದಾಗ ಜೊತೆಗೇ ತಿರುಗಬೇಕಾದ ಉಪಕೊಂಡಿಗಳನ್ನೂ ಕಟ್ಟಬಹುದು. ಜಿಸಿಸಿ ಬದಲಾದಾಗ ಜಿ++ ಸಹ ಬದಲಾಗಬೇಕಲ್ಲ, ಅದಕ್ಕೆ ಇದು ಹೇಳಿ ಮಾಡಿಸಿದಂತಿದೆ.

ವಿಚಿತ್ರವೆಂದರೆ ಡೆಬಿಯನ್ ತಾನೇ ಈ ಸಾಧನವನ್ನು ಜಿಸಿಸಿಗೆ ಬಳಸುವುದಿಲ್ಲ. ‘ಸಿಸಿ’ ಎಂಬ ಹಳೆಯ ಯುನಿಕ್ಸ್ ಹೆಸರನ್ನು ಆಲ್ಟರ್ನೇಟಿವ್ಸ್ ಮೂಲಕ ಬದಲಾಯಿಸಬಹುದು. ‘ಜಿಸಿಸಿ’ ಎಂಬ ಹೆಸರನ್ನು ಮಾತ್ರ ‘ಜಿಸಿಸಿ-ಡೀಫಾಲ್ಟ್ಸ್’ ಎಂಬ ಪ್ಯಾಕೇಜ್ ಒಂದು ನಿಶ್ಚಿತ ಆವೃತ್ತಿಗೆ ಕಟ್ಟಿಟ್ಟಿರುತ್ತದೆ. ಸಾವಿರಾರು ಪ್ಯಾಕೇಜುಗಳನ್ನು ಕಟ್ಟುವ ವಿತರಣೆಗೆ ಆ ಹೆಸರಿನ ಅರ್ಥ ಯಂತ್ರದಿಂದ ಯಂತ್ರಕ್ಕೆ ಬದಲಾಗುವುದು ಬೇಡ. ಜನ ಮಾತ್ರ ಅದನ್ನು ಲೆಕ್ಕಿಸದೆ, /ಯುಎಸ್‌ಆರ್/ಬಿನ್/ಜಿಸಿಸಿಯನ್ನೇ ಆಲ್ಟರ್ನೇಟಿವ್ಸ್ ಪಟ್ಟಿಗೆ ಸೇರಿಸಿ, ಆವೃತ್ತಿ 9ಕ್ಕೆ 90, 8ಕ್ಕೆ 80 ಎಂದು ಅಂಕ ಕೊಟ್ಟು, ಉಬುಂಟುವಿನಲ್ಲಿ ವರ್ಷಗಟ್ಟಲೆ ಬಳಸುತ್ತ ಬಂದಿದ್ದಾರೆ. ನಡೆಯುತ್ತದೆ, ಬಹುಪಾಲು. ಜಿಸಿಸಿ ಪ್ಯಾಕೇಜ್ ಮುಂದಿನ ಸಲ ನವೀಕರಣಗೊಂಡಾಗ ಕೊಂಡಿ ತನ್ನ ಹಳೆಯ ಜಾಗಕ್ಕೆ ಮರಳಬಹುದು ಎಂಬುದನ್ನು ನೆನಪಿಡಬೇಕು. ಜೆಂಟೂ ಈ ವಿಷಯದಲ್ಲಿ ಹೆಚ್ಚು ನೇರ: ಹಲವು ಆವೃತ್ತಿಗಳನ್ನು ಒಟ್ಟಿಗೆ ಇಡಲು ಅದರ ಪ್ಯಾಕೇಜ್ ವ್ಯವಸ್ಥೆಯೇ ಜಾಗ ಮಾಡಿಕೊಟ್ಟು, ಬದಲಾಯಿಸಲು ‘ಜಿಸಿಸಿ-ಕಾನ್ಫಿಗ್’ ಎಂಬ ಪ್ರತ್ಯೇಕ ಕಮಾಂಡ್ ಕೊಡುತ್ತದೆ.

ಕೊಂಡಿ ತಿರುಗಿಸದೆ, ಒಂದು ಯೋಜನೆಗೆ ಮಾತ್ರ ಬೇರೆ ಕಂಪೈಲರ್ ಬಳಸಲು ‘ಸಿಸಿ’ ಮತ್ತು ‘ಸಿಎಕ್ಸ್‌ಎಕ್ಸ್’ ಎಂಬ ಎರಡು ಪರಿಸರ ಚರಗಳಿವೆ. ಅನುಭವಿಗಳು ಹೆಚ್ಚಾಗಿ ಮೆಚ್ಚುವುದು ಇದನ್ನೇ, ಸರಿಯಾಗಿಯೇ ಮೆಚ್ಚುತ್ತಾರೆ. ಎರಡನೆಯದನ್ನು ಮರೆತರೆ ಸಿ ಫೈಲುಗಳು ಹೊಸ ಕಂಪೈಲರಿನಿಂದ, ಸಿ++ ಫೈಲುಗಳು ಹಳೆಯದರಿಂದ ಕಟ್ಟಿಕೊಳ್ಳುತ್ತವೆ. ಸಿಮೇಕ್ ಬಳಸುವ ಯೋಜನೆಗಳು ಮೊದಲ ಸಲ ಕಂಡ ಕಂಪೈಲರಿನ ದಾರಿಯನ್ನು ತಮ್ಮ ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ, ಬದಲಾವಣೆಯ ಬಳಿಕ ಕಟ್ಟುವ ಡೈರೆಕ್ಟರಿಯನ್ನು ಅಳಿಸಿ ಹೊಸದಾಗಿ ಆರಂಭಿಸುವುದೇ ಕ್ಷೇಮ.

2011ರಲ್ಲಿ ಸಿ++11 ಪ್ರಮಾಣ ಬಂದ ಮೇಲೆ ಹೊಸ ಕಂಪೈಲರಿನ ಹಸಿವು ಹೆಚ್ಚಿತು. ಅದನ್ನು ಪೂರ್ಣವಾಗಿ ಬೆಂಬಲಿಸಿದ್ದು 2013ರ ಜಿಸಿಸಿ 4.8.1. ಆದರೆ ಕಂಪನಿಗಳ ಸರ್ವರುಗಳಲ್ಲಿ ಓಡುತ್ತಿದ್ದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6ರಲ್ಲಿ ಇದ್ದದ್ದು 4.4, ಅದಕ್ಕಿಂತ ಹಿಂದಿನ 5ರಲ್ಲಿ 4.1. ಹತ್ತು ವರ್ಷ ಬದಲಾಗದೆ ಇರುವ ಭರವಸೆಯೇ ಆ ವಿತರಣೆಗಳ ಬಂಡವಾಳ. ಉಬುಂಟು 12.04ರಲ್ಲಿ ಸಹ 4.6 ಇತ್ತು. ಉಬುಂಟು ಬಳಕೆದಾರರು ‘ಉಬುಂಟು-ಟೂಲ್‌ಚೈನ್-ಆರ್’ ತಂಡದ ‘ಟೆಸ್ಟ್’ ಭಂಡಾರವನ್ನು ಆಶ್ರಯಿಸಿದರು. ಟ್ರಾವಿಸ್ ಸಿಐ ಎಂಬ ಸ್ವಯಂಚಾಲಿತ ಪರೀಕ್ಷಾ ಸೇವೆಯ ಸಾವಿರಾರು ಯೋಜನೆಗಳ ಸಂರಚನೆಯಲ್ಲಿ ಆ ಹೆಸರು ಕಾಯಂ ಆಯಿತು. ಅಲ್ಲಿಂದ ಕಂಪೈಲರ್ ಹಾಕಿಕೊಂಡರೆ ವ್ಯವಸ್ಥೆಯ ಲಿಬ್‌ಎಸ್‌ಟಿಡಿಸಿ++ ಸಹ ಮೌನವಾಗಿ ಹೊಸದಾಗುತ್ತಿತ್ತು. ಕಟ್ಟಿದ ಯಂತ್ರದಲ್ಲಿ ಎಲ್ಲ ಸರಿ. ಆ ಭಂಡಾರವಿಲ್ಲದ ಪಕ್ಕದ ಯಂತ್ರಕ್ಕೆ ಒಯ್ದರೆ ಮೇಲೆ ಹೇಳಿದ ದೂರು ಬರುತ್ತಿತ್ತು.

ರೆಡ್ ಹ್ಯಾಟ್ 2012ರಲ್ಲಿ ಕಂಡುಕೊಂಡ ದಾರಿ ಹೆಚ್ಚು ಜಾಣತನದ್ದು. ಡೆವಲಪರ್ ಟೂಲ್‌ಸೆಟ್ ಎಂಬ ಸಂಗ್ರಹದಲ್ಲಿ ಹೊಸ ಕಂಪೈಲರ್ /ಒಪಿಟಿ/ಆರ್‌ಎಚ್ ಡೈರೆಕ್ಟರಿಯಲ್ಲಿ ಪ್ರತ್ಯೇಕವಾಗಿ ಕೂರುತ್ತದೆ. ‘ಎಸ್‌ಸಿಎಲ್ ಎನೇಬಲ್’ ಎಂದು ಅದರ ಹೆಸರು ಹೇಳಿದರೆ ಹೊಸದೊಂದು ಶೆಲ್ ತೆರೆಯುತ್ತದೆ, ಅದರೊಳಗೆ ಮಾತ್ರ ಜಿಸಿಸಿ ಎಂದರೆ ಹೊಸದು; ಹೊರಬಂದರೆ ಹಳೆಯದು. ಲೈಬ್ರರಿಯ ಗಂಟನ್ನೂ ಬಿಡಿಸಿದ್ದು ಅದರ ಹೆಚ್ಚುಗಾರಿಕೆ. ವ್ಯವಸ್ಥೆಯ ಹಳೆಯ ಲಿಬ್‌ಎಸ್‌ಟಿಡಿಸಿ++ನಲ್ಲಿ ಇರುವುದನ್ನು ಅಲ್ಲಿಂದಲೇ ಪಡೆದು, ಇಲ್ಲದ ಹೊಸ ಭಾಗಗಳನ್ನಷ್ಟೇ ಪ್ರೋಗ್ರಾಮಿನೊಳಗೆ ಸೇರಿಸಿಬಿಡುತ್ತದೆ. ಆದ್ದರಿಂದ ಹೊಸ ಕಂಪೈಲರಿನಿಂದ ಕಟ್ಟಿದ್ದು ಯಾವ ಹೆಚ್ಚಿನ ಫೈಲೂ ಇಲ್ಲದೆ ಹಳೆಯ ಯಂತ್ರಗಳಲ್ಲಿ ಓಡುತ್ತದೆ. ಟೂಲ್‌ಸೆಟ್ 2ರಲ್ಲಿ ಜಿಸಿಸಿ 4.8, 3ರಲ್ಲಿ 4.9, 4ರಲ್ಲಿ 5 ಇತ್ತು. ಬಳಿಕ ಯಾರಿಗೋ ಜ್ಞಾನೋದಯವಾಗಿರಬೇಕು. 5 ಎಂಬ ಸಂಖ್ಯೆಯನ್ನೇ ಬಿಟ್ಟು 6ಕ್ಕೆ ಹಾರಿ, ಸಂಗ್ರಹದ ಸಂಖ್ಯೆಯೂ ಕಂಪೈಲರಿನ ಸಂಖ್ಯೆಯೂ ಒಂದೇ ಆಗುವಂತೆ ಮಾಡಿದರು.

ಪೈಥಾನ್ ಲೋಕ ಇದರ ಪ್ರಯೋಜನವನ್ನು ಪೂರ್ತಿ ಪಡೆಯಿತು. 2016ರಲ್ಲಿ ರೂಪುಗೊಂಡ ‘ಮೆನಿಲಿನಕ್ಸ್1’ ನಿಯಮದಂತೆ, ಎಲ್ಲ ಲಿನಕ್ಸ್‌ಗಳಲ್ಲೂ ಓಡಬೇಕಾದ ಪೈಥಾನ್ ಪ್ಯಾಕೇಜುಗಳನ್ನು ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ ಉಚಿತ ಪ್ರತಿರೂಪವಾದ ಸೆಂಟ್‌ಓಎಸ್ 5ರ ಮೇಲೆ, ಟೂಲ್‌ಸೆಟ್ 2ರ ಜಿಸಿಸಿ 4.8ರಿಂದ ಕಟ್ಟುತ್ತಿದ್ದರು. ಮುದಿ ವ್ಯವಸ್ಥೆ, ಎಳೆಯ ಕಂಪೈಲರ್ ಎಂಬುದು ಹೀಗೆ ಬೇಕೆಂದೇ ಆರಿಸಿಕೊಂಡ ಜೋಡಿಯಾಯಿತು.

ಸೂಪರ್ ಕಂಪ್ಯೂಟರ್ ಕೇಂದ್ರಗಳಲ್ಲಿ ಈ ಸಮಸ್ಯೆ ಲಿನಕ್ಸಿಗಿಂತ ಹಳೆಯದು. ಒಂದೇ ಯಂತ್ರವನ್ನು ನೂರಾರು ಜನ ಹಂಚಿಕೊಳ್ಳುವಲ್ಲಿ ಕೊಂಡಿ ತಿರುಗಿಸುವಂತಿಲ್ಲ. 1991ರಲ್ಲಿ ಜಾನ್ ಫರ್ಲಾನಿ ವಿವರಿಸಿದ ‘ಮಾಡ್ಯೂಲ್ಸ್’ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಬಳಕೆದಾರ ತನ್ನ ಶೆಲ್ಲಿನ ಮಟ್ಟಿಗೆ ಬೇಕಾದ ಕಂಪೈಲರನ್ನು ಲೋಡ್ ಮಾಡಿಕೊಳ್ಳುತ್ತಾನೆ, ಬೇಡವಾದಾಗ ಇಳಿಸುತ್ತಾನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಕಾರ್ಯಾರಂಭ ಮಾಡಿದ ಸಹಸ್ರಟಿ ಇಂಥ ಯಂತ್ರಗಳ ಸಾಲಿನದು. ಅದು ಕ್ರೇ ಎಕ್ಸ್‌ಸಿ40. ಆ ಸರಣಿಯ ಯಂತ್ರಗಳಲ್ಲಿ ‘ಸಿಸಿ’ ಎಂಬ ಕಮಾಂಡ್ ಬರಿಯ ಹೊದಿಕೆ. ಕ್ರೇ, ಇಂಟೆಲ್, ಗ್ನು ಇವುಗಳಲ್ಲಿ ಯಾವ ಮಾಡ್ಯೂಲ್ ಲೋಡ್ ಆಗಿದೆಯೋ ಆ ಕಂಪೈಲರ್ ಅದರ ಹಿಂದೆ ಕೆಲಸ ಮಾಡುತ್ತದೆ.

ಕರ್ನಲ್ ಮಾತ್ರ ಬಹುಕಾಲ ಹಳೆಯದನ್ನೇ ಹಿಡಿದಿತ್ತು. 2006ರಲ್ಲಿ ಕನಿಷ್ಠ ಆವೃತ್ತಿಯನ್ನು 3.2 ಎಂದು ನಿಗದಿಪಡಿಸಿದ ಮೇಲೆ ಹನ್ನೆರಡು ವರ್ಷ ಅದನ್ನು ಮುಟ್ಟಲಿಲ್ಲ. 2018ರಲ್ಲಿ ಅದು 4.6 ಆಯಿತು, 2020ರಲ್ಲಿ 4.9, 2021ರಲ್ಲಿ 5.1, 2025ರ ಕರ್ನಲ್ 6.16ರಿಂದ 8. ಎದುರು ದಿಕ್ಕಿನ ಒತ್ತಡವೂ ಇದೆ. ಎನ್ವಿಡಿಯಾದ ಕುಡಾ ಕಂಪೈಲರ್ ತನಗೆ ಗೊತ್ತಿರುವುದಕ್ಕಿಂತ ಹೊಸ ಜಿಸಿಸಿ ಕಂಡರೆ ಕೆಲಸ ನಿರಾಕರಿಸುತ್ತದೆ. ಆದ್ದರಿಂದ ಇಂದು ಆವೃತ್ತಿ ಬದಲಾಯಿಸುವವರಲ್ಲಿ ಮುಂದಕ್ಕೆ ಹೋಗುವವರಷ್ಟೇ ಹಿಂದಕ್ಕೆ ಬರುವವರೂ ಸಿಗುತ್ತಾರೆ. 2013ರಲ್ಲಿ ಬಂದ ಡಾಕರ್ ಅಂಥವರ ಕೆಲಸ ಹಗುರ ಮಾಡಿತು: ಬೇಕಾದ ಜಿಸಿಸಿ ಇರುವ ಕಂಟೈನರ್ ತೆರೆದು, ಕೆಲಸ ಮುಗಿಸಿ, ಮುಚ್ಚಿದರೆ ವ್ಯವಸ್ಥೆಯಲ್ಲಿ ಏನೂ ಬದಲಾಗಿರುವುದಿಲ್ಲ.

ಎಬಿಐನ ಕಥೆಗೆ ಇನ್ನೊಂದು ಅಧ್ಯಾಯ ಬಾಕಿಯಿತ್ತು. 2015ರ ಏಪ್ರಿಲ್ 22ರಂದು ಬಂದ ಜಿಸಿಸಿ 5.1 ಸಿ++ನ ಸ್ಟ್ರಿಂಗ್ ಮತ್ತು ಲಿಸ್ಟ್‌ಗಳ ಒಳರಚನೆಯನ್ನು ಬದಲಾಯಿಸಿತು. ಒಂದೇ ಪ್ರತಿಯನ್ನು ಹಲವರು ಹಂಚಿಕೊಳ್ಳುವ ಹಳೆಯ ಸ್ಟ್ರಿಂಗಿನ ಜಾಣ್ಮೆಯನ್ನು ಸಿ++11 ನಿಷೇಧಿಸಿತ್ತು. ಈ ಸಲ ಲೈಬ್ರರಿಯ ಸಂಖ್ಯೆಯನ್ನು ಏಳಕ್ಕೆ ಏರಿಸದೆ, ಹಳೆಯ ಮತ್ತು ಹೊಸ ಎರಡೂ ರೂಪಗಳನ್ನು ಒಂದೇ ಲೈಬ್ರರಿಯಲ್ಲಿ ಬೇರೆಬೇರೆ ಹೆಸರಿನಲ್ಲಿ ಇಟ್ಟರು. ಯಾವುದು ಬೇಕೆಂದು ಒಂದು ಮ್ಯಾಕ್ರೋ ಮೂಲಕ ಹೇಳಬೇಕು. ಹಳೆಯ ಪ್ರೋಗ್ರಾಮುಗಳು ಒಡೆಯಲಿಲ್ಲ. ಆದರೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6 ಮತ್ತು 7ರ ವ್ಯವಸ್ಥೆಯ ಲೈಬ್ರರಿಯಲ್ಲಿ ಹೊಸ ರೂಪ ಇರಲೇ ಇಲ್ಲವಾದ್ದರಿಂದ, ಅಲ್ಲಿನ ಟೂಲ್‌ಸೆಟ್‌ನಲ್ಲಿ ಜಿಸಿಸಿ ಎಷ್ಟೇ ಹೊಸದಿದ್ದರೂ ಸ್ಟ್ರಿಂಗ್ ಮಾತ್ರ ಹಳೆಯ ರೂಪದ್ದು. ಅವುಗಳ ಮೇಲೆ ಕಟ್ಟಿದ ಪೈಥಾನ್ ಪ್ಯಾಕೇಜುಗಳಿಗೂ ಅದೇ ಅಂಟಿತು. ಯಂತ್ರ ಕಲಿಕೆಯ ಸಾಧನವಾದ ಪೈಟಾರ್ಚ್‌ನ ಸಿ++ ಲೈಬ್ರರಿಯನ್ನು ಇಳಿಸಿಕೊಳ್ಳಲು ಹೋದವರು ವರ್ಷಗಟ್ಟಲೆ ‘ಸಿ++11ಕ್ಕೆ ಹಿಂದಿನ ಎಬಿಐ’, ‘ಸಿ++11 ಎಬಿಐ’ ಎಂಬ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರ ಹತ್ತು ವರ್ಷಗಳ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಪೈಟಾರ್ಚ್ ತನ್ನ ಲಿನಕ್ಸ್ ಪ್ಯಾಕೇಜುಗಳನ್ನು 2025ರಲ್ಲಿ ಹೊಸ ಎಬಿಐಗೆ ಒಯ್ದಿತು.